ಕವರಿನ ಮೇಲೊಬ್ಬರು, ಹಾಡಿನೊಳಗೊಬ್ಬರು

ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳ ಹಿಂದೆಯೇ ಹಾಡಿನ ಅಂಗಡಿಗಳೂ ಬರುತ್ತವೆ. ಮೊದಲು ಕ್ಯಾಸೆಟ್ ಇತ್ತು, ಆಮೇಲೆ ಸಿ.ಡಿ. ಬಂತು, ಈಗ ಪೆನ್‌ಡ್ರೈವ್. ವಚನ, ತತ್ವಪದ, ಧ್ಯಾನಕ್ಕೆ ಕೊಳಲು, ನಿದ್ದೆಗೆ ಸಂತೂರ್ ಎಂದು ನೂರಾರು ಹಾಡುಗಳನ್ನು ತುಂಬಿ ಅಗ್ಗಕ್ಕೆ ಕೊಡುತ್ತಾರೆ. ಕವರಿನ ಮೇಲೆ ಹೆಸರಾಂತ ಕಲಾವಿದರ ಫೋಟೊ ಇರುತ್ತದೆ. ಮನೆಯಲ್ಲಿ ಹಚ್ಚಿ ಕೇಳಿದರೆ ಬೇರೆ ಯಾರದೋ ಧ್ವನಿ. ತಬಲಾ ಇರಬೇಕಾದ ಕಡೆ ಕೀಬೋರ್ಡಿನ ಒಂದೇ ಬಡಿತ, ಆಲಾಪ ಅರ್ಧಕ್ಕೇ ಮಾಯ. ಹಿಂದಿರುಗಿಸಲು ಹೋದರೆ ಸಿಗುವ ಉತ್ತರ: "ಇನ್ನೂರು ರೂಪಾಯಿಗೆ ಇಷ್ಟ ಬರ್ತೈತ್ರಿ ಅಣ್ಣಾರ."

ಈ ಮಾತಿಗೆ ತಲೆಯಾಡಿಸಿ ಬರಬೇಕಾಗಿಲ್ಲ. ಸರಕು ಅಗ್ಗವಾದ ಮಾತ್ರಕ್ಕೆ ಸುಳ್ಳು ಹೇಳಿ ಮಾರುವ ಹಕ್ಕು ಯಾರಿಗೂ ಬರುವುದಿಲ್ಲ.

ಆದರೆ ದೂರು ಕೊಡುವ ಮೊದಲು ಒಂದು ವಿಷಯ ಸ್ಪಷ್ಟವಿರಲಿ. ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಿ ಮಾರುವುದು ತಾನಾಗಿಯೇ ಅಪರಾಧವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಸಿ ಕಲಂ ಇಂಥ ಕವರ್ ಹಾಡಿಗೆ ದಾರಿ ಮಾಡಿಕೊಟ್ಟಿದೆ. ಮೂಲ ಧ್ವನಿಮುದ್ರಣವಾದ ವರ್ಷ ಮುಗಿದ ಮೇಲೆ ಐದು ವರ್ಷ ಕಳೆದಿರಬೇಕು. ಹಕ್ಕುದಾರರಿಗೆ ಮೊದಲೇ ನೋಟಿಸ್ ಕೊಟ್ಟು ರಾಯಧನ ಕಟ್ಟಿರಬೇಕು. ನಮಗೆ ಮುಖ್ಯವಾದದ್ದು ಇದರ ಮುಂದಿನ ಷರತ್ತು: ಜನರ ದಾರಿ ತಪ್ಪಿಸುವ ಹೊದಿಕೆ ಇರಬಾರದು, ಮೊದಲು ಹಾಡಿದವರ ಹೆಸರಾಗಲಿ ಚಿತ್ರವಾಗಲಿ ಇರಬಾರದು, ಇದು ಕವರ್ ಆವೃತ್ತಿ ಎಂದು ಹೊದಿಕೆಯ ಮೇಲೆ ಬರೆದಿರಲೇಬೇಕು. ಆ ಕಲಮಿನ ಷರತ್ತುಗಳನ್ನೆಲ್ಲ ಪಾಲಿಸಿದವನ ಮೇಲೆ, ಹಾಡು ಎಷ್ಟೇ ಕೆಟ್ಟದಾಗಿದ್ದರೂ, ಕೇಸು ನಿಲ್ಲುವುದಿಲ್ಲ. ರುಚಿಸಲಿಲ್ಲ ಎಂಬುದು ದೂರಾಗದು. ಮುಚ್ಚಿಟ್ಟು ಮಾರಿದ್ದರೆ ಮಾತ್ರ ದೂರು.

ವಚನಗಳ ವಿಷಯ ತುಸು ಬೇರೆ. ಶರಣರ ವಚನಗಳನ್ನು ಯಾರು ಬೇಕಾದರೂ ಹಾಡಬಹುದು, ಆ ಸಾಹಿತ್ಯಕ್ಕೆ ಕೃತಿಸ್ವಾಮ್ಯವಿಲ್ಲ. ಆದರೆ ಅದಕ್ಕೆ ಒಬ್ಬರು ಹೊಸದಾಗಿ ಹಾಕಿದ ರಾಗಸಂಯೋಜನೆಗೆ ಹಕ್ಕಿದೆ, ಧ್ವನಿಮುದ್ರಣಕ್ಕೂ ಪ್ರಕಟವಾದ ಮೇಲೆ ಅರವತ್ತು ವರ್ಷ ರಕ್ಷಣೆ ಇದೆ. ಒಬ್ಬ ಗಾಯಕರ ಮುಖ ತೋರಿಸಿ ಇನ್ನೊಬ್ಬರ ಧ್ವನಿ ಮಾರುವುದಂತೂ ವಚನಕ್ಕೂ ಸಲ್ಲದು.

ಈ ಜಗಳ ಹೊಸದಲ್ಲ. 'ಹಮ್ ಆಪ್‌ಕೆ ಹೈ ಕೌನ್' ಚಿತ್ರದ ಹಾಡುಗಳನ್ನು ಬೇರೆ ಗಾಯಕರಿಂದ ಹಾಡಿಸಿ ಅದೇ ಹೆಸರಿನಲ್ಲಿ ಕ್ಯಾಸೆಟ್ ತಂದಾಗ ಗ್ರಾಮಫೋನ್ ಕಂಪನಿಯು ಸೂಪರ್ ಕ್ಯಾಸೆಟ್ಸ್ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಇದು ಮೂಲ ಧ್ವನಿಮುದ್ರಣವಲ್ಲ, ಬೇರೆ ಕಲಾವಿದರದು ಎಂದು ಎದ್ದು ಕಾಣುವ ಅಕ್ಷರದಲ್ಲಿ ಹಾಕಬೇಕೆಂದು 1995ರಲ್ಲಿ ನ್ಯಾಯಾಲಯ ಆದೇಶಿಸಿತು. ಎರಡು ಕಂಪನಿಗಳ ವ್ಯಾಜ್ಯವಾದರೂ ಅದರಲ್ಲಿ ಕೇಳುಗನ ಹಿತ ಅಡಗಿತ್ತು.

ಇಳಕಲ್ಲಿನಲ್ಲಿ ಸೀರೆ ಕೊಳ್ಳುವ ಹೆಣ್ಣುಮಕ್ಕಳು ಸೆರಗು ಮಗುಚಿ ಕೊಂಡಿ ಹಾಕಿದ ಜಾಗ ನೋಡುತ್ತಾರಲ್ಲ, ಹಾಡಿನ ಪೊಟ್ಟಣವನ್ನೂ ಹಾಗೇ ಮಗುಚಿ ನೋಡಬೇಕು. ಧ್ವನಿಮುದ್ರಣ ಮಾಡಿದವರ ಹೆಸರು ಮತ್ತು ವಿಳಾಸ, ಹಕ್ಕುದಾರರ ಹೆಸರು ಮತ್ತು ವಿಳಾಸ, ಮೊದಲು ಪ್ರಕಟವಾದ ವರ್ಷ, ಇಷ್ಟು ಇರಲೇಬೇಕೆಂದು ಕೃತಿಸ್ವಾಮ್ಯ ಕಾಯ್ದೆಯ 52ಎ ಕಲಂ ಹೇಳುತ್ತದೆ. ಇದನ್ನು ಮೀರಿದರೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ. ಯಾವ ಹೆಸರೂ ಇಲ್ಲದ ಪೆನ್‌ಡ್ರೈವನ್ನು ಕೊಳ್ಳದಿರುವುದೇ ಮೇಲು. ಅದು ಬಹುಪಾಲು ಕದ್ದ ಮಾಲು.

ಈಗಾಗಲೇ ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಸರಕಿನ ಬಗ್ಗೆ ಸುಳ್ಳು ಹೇಳಿ ಮಾರುವುದು, ಬಿಲ್ ಕೊಡದಿರುವುದು, ಎರಡೂ ಅನುಚಿತ ವ್ಯಾಪಾರ ಪದ್ಧತಿ. ಮಾರುವವನು ಹೇಳಿದ ಗುಣ ಸರಕಿನಲ್ಲಿ ಇಲ್ಲದಿದ್ದರೆ ಅದೂ ದೋಷವೇ. ವಾಪಸಿಗೆ ಅವಧಿ ಎಷ್ಟೆಂದು ಬಿಲ್ಲಿನಲ್ಲಿ ಬರೆದಿಲ್ಲವಾದರೆ, ದೋಷವಿರುವ ಸರಕನ್ನು ಮೂವತ್ತು ದಿನದೊಳಗೆ ವಾಪಸ್ ತೆಗೆದುಕೊಳ್ಳದಿರುವುದೂ ಅನುಚಿತವೇ. "ಮಾರಿದ ಮಾಲು ವಾಪಸ್ ಇಲ್ಲ" ಎಂಬ ಬೋರ್ಡು ಇದರಿಂದ ಪಾರು ಮಾಡುವುದಿಲ್ಲ.

ಜಾತ್ರೆ ಅಂಗಡಿ ತಿಂಗಳಲ್ಲಿ ಎದ್ದು ಹೋಗುತ್ತದೆ, ಅದಕ್ಕೇ ರೊಕ್ಕವನ್ನು ಮೊಬೈಲಿನಿಂದ ಕೊಡುವುದು ಒಳ್ಳೆಯದು. ಹಣ ಯಾರ ಖಾತೆಗೆ ಹೋಯಿತೆಂಬ ದಾಖಲೆ ಉಳಿಯುತ್ತದೆ. ಪೊಟ್ಟಣದ ಎರಡೂ ಬದಿಯ ಫೋಟೊ ತೆಗೆಯಿರಿ, ಕವರ್ ಎಸೆಯಬೇಡಿ. ಆನ್‌ಲೈನಿನಲ್ಲಿ ಕೊಂಡಿದ್ದರೆ ಜಾಹೀರಾತಿನ ಪುಟದ ಚಿತ್ರವನ್ನು ಆವತ್ತೇ ಉಳಿಸಿಕೊಳ್ಳಿ. ಅಂಥ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಮೊದಲು 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಮಾರಿದ ಕಂಪನಿ ಮುಂಬೈಯಲ್ಲಿದ್ದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇದು ಹೊಸ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಆಯೋಗ ಹಣ ವಾಪಸ್ ಕೊಡಿಸಬಹುದು, ಪರಿಹಾರ ಕೊಡಿಸಬಹುದು, ಆ ರೀತಿಯ ಮಾರಾಟವನ್ನೇ ನಿಲ್ಲಿಸಬಹುದು. ಬರೆದುಕೊಳ್ಳಲು ನೆರವು ಬೇಕಾದವರು 15100ಕ್ಕೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ.

ಇನ್ನೂರು ರೂಪಾಯಿಗೆ ಒಬ್ಬರೇ ಓಡಾಡಲು ಬೇಸರವೆನಿಸುವುದು ಸಹಜ. ಆದರೆ ಅದೇ ಪೊಟ್ಟಣ ಕೊಂಡ ನಾಲ್ಕು ಮನೆಯವರು ಸೇರಿದರೆ ಆಯೋಗದ ಅನುಮತಿ ಪಡೆದು ಒಂದೇ ದೂರು ಕೊಡಬಹುದು. ದಾರಿ ತಪ್ಪಿಸುವ ಜಾಹೀರಾತಿನಿಂದ ಊರಿಗೆ ಊರೇ ಮೋಸ ಹೋಗುತ್ತಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 17ನೇ ಕಲಂ ಪ್ರಕಾರ ನವನಗರದಲ್ಲಿರುವ ಜಿಲ್ಲಾಧಿಕಾರಿಗೂ ಬರೆದುಕೊಡಬಹುದು. ಆಯೋಗಕ್ಕೆ ಹೋಗಲು ಇರುವ ಗಡುವು ಎರಡು ವರ್ಷ. ಆದರೂ ಜಾತ್ರೆ ಮುಗಿಯುವ ಮೊದಲೇ ಅಂಗಡಿಯವನಿಗೆ ದೂರನ್ನು ಬರಹದಲ್ಲಿ ಕೊಟ್ಟು, ಒಂದು ಪ್ರತಿಗೆ ಅವನ ಸಹಿ ಪಡೆದುಕೊಳ್ಳಿ. ಸಹಿ ಹಾಕದಿದ್ದರೆ ಅದೇ ಮಾತನ್ನು ಅವನ ಮೊಬೈಲಿಗೆ ಸಂದೇಶವಾಗಿ ಕಳಿಸಿ ಅಳಿಸದೆ ಇಟ್ಟುಕೊಳ್ಳಿ.