ಸೊನ್ನೆ ಬರೆದ ಆರು ತಿಂಗಳು

ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಅಜ್ಜಿಯೊಬ್ಬರ ಡಿಸ್ಚಾರ್ಜ್ ದಿನ. ಅವರ ಸೊಸೆ ಬಿಲ್ಲು ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತರು. "ಮೇಡಂ, ನಾವು ಅತ್ತೆನ ಸೇರಿಸಿದ್ದು ಕಾಲು ಬಾವು, ಉಸಿರಾಟದ ತೊಂದ್ರೆ ಅಂತ. ಕೈ ಮುರಿದದ್ದು ಇಲ್ಲೇ ಬಿದ್ದು. ಆ ಎಕ್ಸ್‌ರೇ ದುಡ್ಡನ್ನೂ ನಾವೇ ಕಟ್ಟಬೇಕಾ?"

ರೋಗಿಗಳು ಬಿದ್ದರೆ ಬರೆದಿಡುವ ರಿಜಿಸ್ಟರ್ ತೆಗೆದೆ. ಆ ತಿಂಗಳ ಪುಟ ಖಾಲಿ. ಹಿಂದಿನ ಆರು ತಿಂಗಳಿಗೂ ನನ್ನದೇ ಅಕ್ಷರದಲ್ಲಿ ಸೊನ್ನೆ. ಕೇಸ್ ಶೀಟ್ ತರಿಸಿದೆ. ಆ ರಾತ್ರಿಯ ನರ್ಸಿಂಗ್ ನೋಟ್ಸ್‌ನಲ್ಲಿ ಚೆನ್ನಾಗಿ ನಿದ್ದೆ ಮಾಡಿದರು ಎಂದಿತ್ತು. ಅದೇ ಕೇಸ್ ಶೀಟಿನ ಹಿಂದೆ ಪಿನ್ ಮಾಡಿದ್ದ ಎಕ್ಸ್‌ರೇ ಚೀಟಿಯಲ್ಲಿ ಬೆಳಗಿನ ಜಾವ 5.40ರ ಸಮಯವಿತ್ತು.

ವಾರ್ಡ್ ಇನ್‌ಚಾರ್ಜ್ ಆಗಿ ಹನ್ನೊಂದು ವರ್ಷ ಕೆಲಸ ಮಾಡಿದ ಮೇಲೆ ನನಗೆ ಗುಣಮಟ್ಟ ವಿಭಾಗ ವಹಿಸಿದ್ದರು. ಆಸ್ಪತ್ರೆ ಎನ್‌ಎಬಿಎಚ್‌ನ ಗುಣಮಟ್ಟದ ಮಾನ್ಯತೆಗೆ ತಯಾರಾಗುತ್ತಿದ್ದ ಕಾಲ ಅದು. ಮೊದಲ ತಿಂಗಳೇ ನಾಲ್ಕು ಮಂದಿ ಬಿದ್ದ ವರದಿ ಬಂತು. ನಾನು ಮಾಡಿದ್ದೇನೆಂದರೆ, ಆ ವರದಿ ಬರೆದ ನೈಟ್ ಡ್ಯೂಟಿ ಸಿಸ್ಟರ್‌ಗಳನ್ನು ಕರೆಸಿ ವಿವರಣೆ ಕೇಳಿದೆ. ಒಬ್ಬಳಿಗೆ ಮೆಮೊ ಕೊಟ್ಟೆ. ಮೂವತ್ತೆಂಟು ರೋಗಿಗಳಿಗೆ ಅವಳೊಬ್ಬಳು ಮತ್ತು ಒಬ್ಬ ಆಯಮ್ಮ ಇದ್ದ ರಾತ್ರಿ ಅದು. ಮರುತಿಂಗಳಿಂದ ಸೊನ್ನೆ. ಅದನ್ನು ಗ್ರಾಫ್ ಮಾಡಿ ತಿಂಗಳ ಮೀಟಿಂಗಿನಲ್ಲಿ ತೋರಿಸಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಶಿಸ್ತು ಬಂತು ಎಂದೇ ನಾನು ನಂಬಿದ್ದೆ.

ಅಜ್ಜಿಯ ಮಂಚದ ಹತ್ತಿರ ಹೋಗಿ ಕೂತು ಏನಾಯಿತೆಂದು ಕೇಳಿದೆ. "ಒಂದಕ್ಕೆ ಅವಸರ ಆಯ್ತು ಕಣವ್ವ. ಸೊಸೆ ಮಂಚದ ಕೆಳಗೆ ಆಗಷ್ಟೇ ಕಣ್ಣು ಮುಚ್ಚಿದ್ಲು, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ." ಕತ್ತಲಲ್ಲಿ ಮಲಗಿದ್ದ ಸೊಸೆಯನ್ನು ತುಳಿಯಬಾರದೆಂದು ಮಂಚದ ಆ ಕಡೆಯಿಂದ ಇಳಿಯಲು ಹೋಗಿದ್ದಾರೆ. ಆ ಕಡೆ ಡ್ರಿಪ್ ಸ್ಟ್ಯಾಂಡಿನ ಕಾಲು ಇತ್ತು. ವರದಿ ಯಾಕೆ ಬರೆಯಲಿಲ್ಲ ಎಂದು ಆ ರಾತ್ರಿ ಡ್ಯೂಟಿಯಲ್ಲಿದ್ದ ಆಯಮ್ಮನನ್ನು ಕೇಳಿದೆ. "ಬರೆದ್ರೆ ಮೆಮೊ ಬರ್ತದಲ್ಲ ಸಿಸ್ಟರ್" ಎಂದರು, ತಲೆ ತಗ್ಗಿಸಿಕೊಂಡು.

ಆ ದಿನವೇ ಎಕ್ಸ್‌ರೇ, ಪ್ಲಾಸ್ಟರ್ ಎರಡರ ಹಣವನ್ನೂ ಬಿಲ್ಲಿನಿಂದ ತೆಗೆಸಿದೆ. ಮರುದಿನ ಬೆಳಗಿನ ಹ್ಯಾಂಡ್‌ಓವರ್ ಹೊತ್ತಿಗೆ ವಾರ್ಡಿಗೆ ಹೋಗಿ, ನಾನು ಮೆಮೊ ಕೊಟ್ಟಿದ್ದ ಸಿಸ್ಟರ್ ಹತ್ತಿರ ಎಲ್ಲರ ಮುಂದೆ ತಪ್ಪೊಪ್ಪಿಕೊಂಡು ಅದನ್ನು ವಾಪಸ್ ಪಡೆದೆ. ವರದಿ ಫಾರ್ಮಿನಲ್ಲಿ ಬರೆದವರ ಹೆಸರಿನ ಜಾಗವನ್ನು ತೆಗೆದುಹಾಕಿದೆವು. ಆ ತಿಂಗಳ ಕೊನೆಗೆ ಏಳು ವರದಿಗಳು ಬಂದವು.

ಮೇಲಿನವರು ಗಾಬರಿಯಾದರು. ಅವರಿಗೆ ಹೇಳಲು ನಾನು ಓದಿಕೊಂಡು ಹೋಗಬೇಕಾಯಿತು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಹೊರತಂದಿತು. ಅಲ್ಲಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದು ಎಂದು ಅಂದಾಜಿಸಿದ್ದು ಆ ವರದಿಯೇ. ಅಂಕಿಗಿಂತ ನನಗೆ ತಟ್ಟಿದ್ದು ಅದರ ನಿಲುವು: ಹೆಚ್ಚಿನ ತಪ್ಪುಗಳು ಕೆಟ್ಟ ಸಿಬ್ಬಂದಿಯಿಂದ ಆಗುವುದಿಲ್ಲ, ಕೆಟ್ಟ ವ್ಯವಸ್ಥೆಯಿಂದ ಆಗುತ್ತವೆ. ನಾನು ಮೆಮೊ ಕೊಟ್ಟದ್ದು ವ್ಯವಸ್ಥೆಗಲ್ಲ, ಅದರೊಳಗೆ ಒಂಟಿಯಾಗಿ ಓಡಾಡುತ್ತಿದ್ದ ಹುಡುಗಿಗೆ.

ಲೆಕ್ಕ ಮಾಡುವುದನ್ನೂ ಹೊಸದಾಗಿ ಕಲಿತೆ. ಏಳು ಜನ ಬಿದ್ದರು ಎಂದಷ್ಟೇ ಹೇಳಿದರೆ ಏನೂ ಗೊತ್ತಾಗುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಪ್ರತಿ ವಾರ್ಡಿನಲ್ಲೂ ಎಷ್ಟು ರೋಗಿಗಳಿದ್ದಾರೆಂದು ಸೆನ್ಸಸ್ ಬರೆಯುತ್ತೇವಲ್ಲ, ತಿಂಗಳ ಆ ಎಲ್ಲ ಸಂಖ್ಯೆಗಳನ್ನು ಕೂಡಿದರೆ ಒಟ್ಟು ರೋಗಿ-ದಿನಗಳು ಸಿಗುತ್ತವೆ. ನಲವತ್ತು ಹಾಸಿಗೆ ಮೂವತ್ತು ದಿನ ತುಂಬಿದ್ದರೆ 1,200. ಅದರಲ್ಲಿ ಮೂವರು ಬಿದ್ದರೆ ಸಾವಿರ ರೋಗಿ-ದಿನಕ್ಕೆ 2.5. ಮಳೆಗಾಲದಲ್ಲಿ ಡೆಂಗಿ ಬಂದು ವಾರ್ಡ್ ತುಂಬಿದಾಗ ಬೀಳುವವರ ಸಂಖ್ಯೆ ಏರುತ್ತದೆ, ಈ ದರ ಏರದೇ ಇರಬಹುದು. ಇನ್ನೊಂದು, ಒಂದು ತಿಂಗಳ ಚುಕ್ಕೆ ಮೇಲೆ ಹೋಯಿತೆಂದು ಬೈಯುವುದೂ ಕೆಳಗೆ ಬಂತೆಂದು ಸಿಹಿ ಹಂಚುವುದೂ ವ್ಯರ್ಥ. ತಿಂಗಳ ಚುಕ್ಕೆಗಳ ನಡುವೆ ಮಧ್ಯದ ಗೆರೆ ಎಳೆದು, ಸತತ ಆರು ಚುಕ್ಕೆ ಅದರ ಒಂದೇ ಬದಿಗೆ ಬಿದ್ದರೆ ಮಾತ್ರ ಏನೋ ನಿಜವಾಗಿ ಬದಲಾಗಿದೆ ಎಂದು ತಿಳಿಯುವುದು ಈ ಕೆಲಸದ ರೂಢಿ. ನನ್ನ ಆರು ಸೊನ್ನೆಗಳೂ ಒಂದೇ ಬದಿಗಿದ್ದವು. ನಿಜವಾಗಿ ಬದಲಾಗಿದ್ದು ಏನೆಂದರೆ, ಸಿಸ್ಟರ್‌ಗಳು ಬರೆಯುವುದನ್ನು ಬಿಟ್ಟಿದ್ದರು.

ವರದಿಗಳು ಪ್ರಾಮಾಣಿಕವಾದ ಮೇಲೆ ಕಾರಣ ತಾನಾಗಿಯೇ ಕಾಣಿಸಿತು. ಬಿದ್ದವರಲ್ಲಿ ಹೆಚ್ಚಿನವರು ರಾತ್ರಿ ಎರಡರಿಂದ ಐದರ ನಡುವೆ ಬಿದ್ದಿದ್ದರು, ಹೆಚ್ಚಿನವರು ಬಾತ್‌ರೂಮಿಗೆ ಹೊರಟವರು. ಔಷಧಿ ಚಾರ್ಟ್ ಪಕ್ಕಕ್ಕಿಟ್ಟು ನೋಡಿದರೆ ನೀರು ಇಳಿಸುವ ಲ್ಯಾಸಿಕ್ಸ್‌ನ ಎರಡನೇ ಡೋಸನ್ನು ಉಳಿದ ಮಾತ್ರೆಗಳ ಜೊತೆ ರಾತ್ರಿಯೇ ಕೊಡುತ್ತಿದ್ದೆವು. ಡಾಕ್ಟರ್‌ಗಳ ಹತ್ತಿರ ಮಾತಾಡಿ ಅದನ್ನು ಸಂಜೆ ನಾಲ್ಕಕ್ಕೆ ತಂದೆವು. ಬಾತ್‌ರೂಮ್ ದಾರಿಗೆ ಸಣ್ಣ ದೀಪ ಹಾಕಿಸಿದೆವು. ಡ್ರಿಪ್ ಸ್ಟ್ಯಾಂಡ್ ಯಾವಾಗಲೂ ತಲೆಯ ಕಡೆ ಎಂದು ನಿಯಮ ಮಾಡಿದೆವು. ಗೆರೆ ಕೆಳಗಿಳಿಯಲು ಸುಮಾರು ಒಂದು ವರ್ಷ ಬೇಕಾಯಿತು.

ಕೈ ತೊಳೆಯುವ ಲೆಕ್ಕದಲ್ಲೂ ಆ ಸೊನ್ನೆಗಳ ಹಾಗೇ ಸುಳ್ಳು ಅಂಕಿ ಸಿಕ್ಕಿತ್ತು. ನಾನು ನೋಟ್‌ಬುಕ್ ಹಿಡಿದು ನಿಂತಾಗ ಎಲ್ಲರೂ ತೊಳೆಯುತ್ತಿದ್ದರು. ತಿಂಗಳಿಗೆ ಖಾಲಿಯಾದ ಹ್ಯಾಂಡ್‌ರಬ್ ಬಾಟಲಿ ಎಣಿಸಿದಾಗ ನಿಜ ಗೊತ್ತಾಯಿತು.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನಾನು ಹೊಸ ಸಿಸ್ಟರ್‌ಗಳಿಗೆ ಹೇಳುತ್ತಿರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟನ್ನು ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ಪರೀಕ್ಷಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೆರಿಗೆಗೊಮ್ಮೆ ಮಾಡಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಆಗುತ್ತಿದ್ದದ್ದು 25ಕ್ಕೆ ಏರಿತ್ತು. ಆಮೇಲೆ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡ ಅಧ್ಯಯನ ನಡೆಯಿತು. ಅಲ್ಲೂ ಪಾಲನೆ ಹೆಚ್ಚಿತು, ಆದರೆ ತಾಯಿ-ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಅದನ್ನು ಮುಚ್ಚಿಡದೆ 2017ರಲ್ಲಿ ಪ್ರಕಟಿಸಿದರು. ಟಿಕ್ ಎಣಿಸುವುದು ಬೇರೆ, ಬದುಕಿದವರನ್ನು ಎಣಿಸುವುದು ಬೇರೆ. ಎರಡನ್ನೂ ಎಣಿಸಬೇಕು, ಕಂಡದ್ದನ್ನು ಕಂಡ ಹಾಗೆ ಹೇಳಬೇಕು.

ಓದುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮವರು ಆಸ್ಪತ್ರೆಯಲ್ಲಿ ಬಿದ್ದರೆ, ಬೇರೆಯವರ ಮಾತ್ರೆ ಕೈಗೆ ಬಂದರೆ, ಏನೂ ಆಗಲಿಲ್ಲವಲ್ಲ ಎಂದು ಸುಮ್ಮನಾಗಬೇಡಿ. ಸಿಸ್ಟರ್ ಮೇಲೆ ಕೂಗಾಡಲೂಬೇಡಿ. ಇದನ್ನು ವರದಿಯಲ್ಲಿ ಬರೆಯಿರಿ ಎಂದು ಕೇಳಿ, ಬರೆದದ್ದನ್ನು ತೋರಿಸಿ ಎನ್ನಿ. ರಾತ್ರಿ ಜೊತೆಗೆ ಉಳಿದವರಾದರೆ, ಅಜ್ಜಿ ಇಳಿಯುವ ಕಡೆಯಲ್ಲೇ ಮಲಗಿ. ಎಬ್ಬಿಸಿದರೆ ಬೇಜಾರಿಲ್ಲ ಎಂದು ಮಲಗುವ ಮೊದಲೇ ಅವರಿಗೆ ಹೇಳಿಬಿಡಿ.