ಸನ್ನಿವೇಶ ಪರೀಕ್ಷೆಗೆ ಸಿದ್ಧತೆ

ಯಲಹಂಕದ ವಾಯುನೆಲೆಯಲ್ಲಿ ದುಡಿಯುವ ವಾಯುಸೈನಿಕನು ಅಧಿಕಾರಿಯ ಪದವಿಗೇರಬೇಕಾದರೆ ಮೈಸೂರಿನಲ್ಲಿರುವಂತಹ ಆಯ್ಕೆ ಮಂಡಳಿಯೊಂದರ ಮುಂದೆ ನಿಲ್ಲಬೇಕು. ಅಲ್ಲಿನ ಸನ್ನಿವೇಶ ಪರೀಕ್ಷೆಯಲ್ಲಿ 60 ಪ್ರಶ್ನೆಗಳು, 30 ನಿಮಿಷಗಳು. ಒಂದಕ್ಕೆ ಅರ್ಧ ನಿಮಿಷ ಮಾತ್ರ.

ಒಂದು ಉದಾಹರಣೆ ನೋಡೋಣ. ಪರೀಕ್ಷೆಗೆ ಹೊರಟಿರುವಿರಿ, ದಾರಿಯಲ್ಲಿ ಸೈಕಲ್ ಸವಾರನೊಬ್ಬನು ಗಾಯಗೊಂಡು ಬಿದ್ದಿದ್ದಾನೆ. ನೋಡದೆ ಹೋಗುವುದು ನಿರ್ದಯೆ. ಪರೀಕ್ಷೆ ಬಿಟ್ಟು ದಿನವೆಲ್ಲ ಜೊತೆಗಿರುವೆನೆಂದು ಬರೆಯುವುದು ಆಡಂಬರ. ಗಾಯಕ್ಕೆ ಬಟ್ಟೆ ಕಟ್ಟಿ, ಆಟೋದಲ್ಲಿ ಆಸ್ಪತ್ರೆಗೆ ಕಳುಹಿಸಿ, ಮನೆಯವರಿಗೆ ತಿಳಿಸಿ, ಪರೀಕ್ಷೆಗೆ ಹೋಗುವುದು ವಿವೇಕ.

ಸಿದ್ಧ ಉತ್ತರಗಳನ್ನು ಉರುಹೊಡೆದರೆ ಫಲವಿಲ್ಲ. ಬರೆದುದಕ್ಕೂ ಸಂದರ್ಶನದಲ್ಲಿ ಆಡುವ ಮಾತಿಗೂ ಹೊಂದಿಕೆ ಇರಬೇಕು. ಆದುದರಿಂದ, ವಿದ್ಯಾರ್ಥಿ ಮಿತ್ರರೇ, ದಿನಕ್ಕೆ 10 ಸನ್ನಿವೇಶಗಳನ್ನು 5 ನಿಮಿಷದಲ್ಲಿ ಬರೆದು ಅಭ್ಯಾಸ ಮಾಡಿರಿ. ಮಾಡುವುದನ್ನೇ ಬರೆಯಿರಿ, ಬರೆದುದನ್ನು ನಿತ್ಯಜೀವನದಲ್ಲಿ ಮಾಡಿರಿ. ನಡತೆಯೇ ನಿಜವಾದ ಸಿದ್ಧತೆ.