ಸದ್ದು ಕೊನೆಗಿರಲಿ, ಮಗಾ

ನೀನು ಬರೆದಿಟ್ಟ ಪಟ್ಟಿ ನೋಡಿದೆ, ಮಗಾ. ಒಂದು ಕಂಟ್ರೋಲ್ ಪೆಟ್ಟಿಗೆ, ನಾಲ್ಕು ಎಂಜಿನ್, ನಾಲ್ಕಕ್ಕೂ ಸೌಂಡ್ ಡಿಕೋಡರ್. ಹಳಿಗೆ ಎಷ್ಟು, ತಂತಿಗೆ ಎಷ್ಟು ಅನ್ನೋ ಸಾಲೇ ಇಲ್ಲ. ರೈಲು ಓಡೋದಕ್ಕೆ ಮೊದಲೇ ಕೂಗಬೇಕು ಅನ್ನೋ ಆತುರ ಕಾಣುತ್ತೆ. ಆಟದ ರೈಲಿಗೆ ಇಷ್ಟು ದುಡ್ಡಾ ಅಂತ ನಿಮ್ಮಪ್ಪ ಗೊಣಗಿದಾಗ ನಿನ್ನ ಪರ ಮಾತಾಡಿದವನು ನಾನೇ. ಈಗಲೂ ನಿನ್ನ ಪರವೇ. ಆದರೆ ಜಂಗಮಕೋಟೆಯಲ್ಲಿ ರೇಷ್ಮೆ ಹುಳು ಮೇಯಿಸಿ, ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ಗೂಡು ಮಾರಿ ಬಂದ ದುಡ್ಡು ಅದು. ಅಲ್ಲಿ ಇವತ್ತಿನ ರೇಟು ನಾಳೆಗಿಲ್ಲ. ಹಾಗಾಗಿ ಲೆಕ್ಕ ಸರಿ ಇರಬೇಕು. ನಾನು ಆಯುಷ್ಯವೆಲ್ಲ ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಮಾಡಿದವನು. ನಿನ್ನ ಬೆರಳುದ್ದದ ಮೋಟರೂ ನನ್ನ ಕಣ್ಣಿಗೆ ಮೋಟರೇ.

ಹಳೇ ಪದ್ಧತಿಯಲ್ಲಿ ಹಳಿಗೆ ಸೊನ್ನೆಯಿಂದ 12 ವೋಲ್ಟ್‌ವರೆಗೆ ಡಿಸಿ ಕೊಡ್ತಾರೆ. ವೋಲ್ಟ್ ಏರಿದರೆ ಓಟ ಏರುತ್ತೆ. ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಹೋಗುತ್ತೆ. ಒಂದೇ ಹಳಿ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ, ಅದೇ ಅದರ ಕಷ್ಟ. ನೀನು ಆಸೆಪಟ್ಟಿರೋ ಡಿಸಿಸಿಯಲ್ಲಿ ಹಳಿಯ ಮೇಲೆ ಸುಮಾರು 15 ವೋಲ್ಟ್ ಸದಾ ಇರುತ್ತೆ. ಆ ಕರೆಂಟೇ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಾ ಸಂದೇಶ ಒಯ್ಯುತ್ತೆ. ಅರ್ಧ ಮಿಡಿತ 58 ಮೈಕ್ರೊಸೆಕೆಂಡ್ ಇದ್ದರೆ ಅದು ಒಂದು, 100 ಇಲ್ಲವೇ ಅದಕ್ಕಿಂತ ಹೆಚ್ಚಿದ್ದರೆ ಸೊನ್ನೆ. ಎಂಜಿನ್ ಹೊಟ್ಟೆಯಲ್ಲಿರೋ ಡಿಕೋಡರ್ ತನ್ನ ನಂಬರಿಗೆ ಬಂದ ಮಾತನ್ನಷ್ಟೇ ಕೇಳಿ ಮೋಟರ್ ತಿರುಗಿಸುತ್ತೆ. ಜರ್ಮನಿಯ ಲೆಂಟ್ಸ್ ಕಂಪನಿ ರೂಪಿಸಿದ್ದ ಈ ವಿಧಾನವನ್ನು ಅಮೆರಿಕದ ಮಾದರಿ ರೈಲು ಸಂಘ 1990ರ ದಶಕದಲ್ಲಿ ಮಾನದಂಡ ಅಂತ ಒಪ್ಪಿಕೊಂಡಿತು. ಅದರಿಂದ ಒಂದು ಕಂಪನಿಯ ಪೆಟ್ಟಿಗೆ ಇನ್ನೊಂದು ಕಂಪನಿಯ ಡಿಕೋಡರನ್ನೂ ಓಡಿಸುತ್ತೆ. ನಿನ್ನ ದುಡ್ಡು ಉಳಿಯೋದಕ್ಕೆ ಇರೋ ದೊಡ್ಡ ದಾರಿ ಇದೇ. ಒಂದೇ ಬ್ರ್ಯಾಂಡಿಗೆ ಕಟ್ಟುಬೀಳಬೇಕಾಗಿಲ್ಲ.

ಖರ್ಚು ಎಲ್ಲಿ ಬೆಳೆಯುತ್ತೆ ನೋಡು. ಪೆಟ್ಟಿಗೆ ಒಂದು ಸಲ ಕೊಂಡರೆ ಮುಗೀತು. ಡಿಕೋಡರ್ ಮಾತ್ರ ಎಂಜಿನ್ನಿಗೊಂದು ಬೇಕು. ಅಮೆರಿಕದಲ್ಲಿ ಸದ್ದಿಲ್ಲದ ಡಿಕೋಡರ್‌ಗೆ ಸಾಮಾನ್ಯವಾಗಿ 25ರಿಂದ 40 ಡಾಲರ್, ಸದ್ದಿನದಕ್ಕೆ 100 ಡಾಲರ್ ಆಸುಪಾಸು. ಅಂದರೆ ನಾಲ್ಕು ಎಂಜಿನ್ನಿಗೂ ಸದ್ದು ಅನ್ನೋ ಒಂದೇ ಮಾತಿಗೆ ಪೆಟ್ಟಿಗೆಗಿಂತ ಹೆಚ್ಚು ದುಡ್ಡು ಹೋಗುತ್ತೆ. ಎಲ್ಲರೂ ಪೆಟ್ಟಿಗೆಯ ಬೆಲೆ ನೋಡಿ ಹೆದರ್ತಾರೆ. ಹೆದರಬೇಕಾದ್ದು ಐದನೇ ಎಂಜಿನ್ನಿಗೆ.

ಮೇಲೆ ಸುಂಕ. ನಮ್ಮ ದೇಶದ ಸುಂಕದ ಪಟ್ಟಿಯಲ್ಲಿ ಮಾದರಿ ರೈಲು ಇರೋದು ಬೊಂಬೆ, ಆಟಿಕೆಗಳ ಜತೆಗೇ. ಆಟಿಕೆಗಳ ಮೇಲಿನ ಆಮದು ಸುಂಕ 2020ರ ಬಜೆಟ್ಟಿನಲ್ಲಿ ನೂರಕ್ಕೆ 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಆಯಿತು. ಅದರ ಮೇಲೆ ಜಿಎಸ್‌ಟಿ ಬೇರೆ, ಸಾಗಣೆ ಖರ್ಚು ಬೇರೆ. ಎಲೆಕ್ಟ್ರಾನಿಕ್ ಆಟಿಕೆಯ ಬಿಡಿಭಾಗ ಅಂತ ಗುರುತಿಸಿದರೆ ಸುಂಕ ಕಡಿಮೆ, ಇಡೀ ಎಂಜಿನ್ ಅಂದರೆ ಹೆಚ್ಚು. ಆದ್ದರಿಂದ ಡಾಲರನ್ನು ರೂಪಾಯಿಗೆ ತಿರುಗಿಸಿ ಇಷ್ಟೇ ಅಂದುಕೊಳ್ಳಬೇಡ. ಪಾರ್ಸೆಲ್ ಮನೆಗೆ ಬರೋ ಹೊತ್ತಿಗೆ ಬೆಲೆ ಇಮ್ಮಡಿಯಾದರೂ ಆಶ್ಚರ್ಯ ಇಲ್ಲ. ಕೆಟ್ಟರೆ ವಾಪಸ್ ಕಳಿಸೋ ಖರ್ಚೂ ನಿನ್ನದೇ, ವಾರಂಟಿ ಕಾಗದ ಎಷ್ಟು ಚೆನ್ನಾಗಿದ್ದರೂ.

ಪೆಟ್ಟಿಗೆ ವಿಷಯದಲ್ಲಿ ನಿನ್ನ ಡಿಪ್ಲೊಮಾ ಓದು ಕೆಲಸಕ್ಕೆ ಬರಲಿ. 2015ರ ಸುಮಾರಿಗೆ ಗ್ರೆಗ್ ಬರ್ಮನ್ ಅನ್ನೋರು ಆರ್ಡ್ವಿನೋ ಬೋರ್ಡನ್ನೇ ಡಿಸಿಸಿ ಪೆಟ್ಟಿಗೆಯಾಗಿ ಮಾಡೋ ಡಿಸಿಸಿ++ ಅನ್ನೋ ಪ್ರೋಗ್ರಾಂ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಅದನ್ನೇ ಬೆಳೆಸಿ ಈಗ ಡಿಸಿಸಿ-ಇಎಕ್ಸ್ ಅಂತ ನಡೆಸ್ತಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಆರ್ಡ್ವಿನೋ ಮೆಗಾ, ಒಂದು ಮೋಟರ್ ಶೀಲ್ಡ್, ಒಂದು ಒಳ್ಳೆ ಅಡಾಪ್ಟರ್ ತಂದರೆ ಕೆಲವೇ ಸಾವಿರದಲ್ಲಿ ಕೆಲಸ ಆಗುತ್ತೆ. ವೈಫೈ ಸೇರಿಸಿದರೆ ಮೊಬೈಲೇ ಲಿವರ್. ಆ ಶೀಲ್ಡ್ ಎರಡು ಆಂಪಿಯರ್ ಮಟ್ಟದ್ದು. ಮೂರು ನಾಲ್ಕು ಚಿಕ್ಕ ಎಂಜಿನ್ನಿಗೆ ಧಾರಾಳ. ಅಂಗಡಿಯವನು ಬೆಪ್ಪ ಅಂದುಕೊಂಡರೂ ಪರವಾಗಿಲ್ಲ, ಶೀಲ್ಡಿನ ಮೇಲಿನ ಚಿಪ್ ನಂಬರ್ ಓದಿಯೇ ಕೊಂಡುಕೋ.

ಈಗ ನನ್ನ ಕಸುಬಿನ ಮಾತು. ಡಿಸಿ ಎಂಜಿನ್ನಿಗೆ ಡಿಕೋಡರ್ ಹಾಕೋ ಮುಂಚೆ ಎರಡು ಅಳತೆ ಮಾಡಲೇಬೇಕು. ಮೊದಲನೇದು, ಮೋಟರಿನ ಎರಡೂ ಬ್ರಷ್ ಚಾಸಿಯಿಂದ ಪೂರ್ತಿ ಬೇರೆಯಾಗಿವೆಯೇ ಅನ್ನೋದು. ಹಳೇ ಎಂಜಿನ್ನುಗಳಲ್ಲಿ ಒಂದು ಬ್ರಷ್ ನೇರ ಚಾಸಿಗೇ ತಾಗಿರುತ್ತೆ. ಹಾಗೇ ಜೋಡಿಸಿದರೆ ಹಳಿಗಿಟ್ಟ ಕ್ಷಣದಲ್ಲೇ ಡಿಕೋಡರ್ ಸುಟ್ಟು ವಾಸನೆ ಬರುತ್ತೆ. ಎರಡನೇದು, 12 ವೋಲ್ಟ್ ಕೊಟ್ಟು ಚಕ್ರ ಬೆರಳಲ್ಲಿ ಹಿಡಿದು ನಿಲ್ಲಿಸಿದಾಗ ಎಷ್ಟು ಕರೆಂಟ್ ಎಳೆಯುತ್ತೆ ಅನ್ನೋದು. ಆ ಅಂಕಿ ಡಿಕೋಡರಿನ ಮಿತಿಗಿಂತ ಕಡಿಮೆ ಇರಬೇಕು. ಸಾಮಾನ್ಯವಾಗಿ ಆ ಮಿತಿ ಒಂದು ಆಂಪಿಯರ್ ಇರುತ್ತೆ. ಒಂದು ಸಾಧಾರಣ ಮಲ್ಟಿಮೀಟರ್ ಈ ಎರಡೂ ಹೇಳಿಬಿಡುತ್ತೆ, ಅದರ ಬೆಲೆ ಒಂದು ಸುಟ್ಟ ಡಿಕೋಡರಿನ ಮುಂದೆ ಏನೂ ಅಲ್ಲ. ಪಾಯಿಂಟ್ ಮೇಲೆ ಗಾಡಿ ಹಳಿತಪ್ಪಿದರೆ ಶಾರ್ಟ್ ಆಗುತ್ತೆ, ಅದಕ್ಕೆ ಹಳಿಯ ಸಾಲಲ್ಲಿ ಕಾರಿನ ಬ್ರೇಕ್‌ಲೈಟ್ ಬಲ್ಬೊಂದು ಹಾಕು. ಶಾರ್ಟ್ ಆದಾಗ ಬಲ್ಬು ಉರಿದು ಕರೆಂಟನ್ನು ತಡೆಯುತ್ತೆ. ಹಳೇ ಉಪಾಯ, ಚೀಪು. ನಮ್ಮೂರಿನ ಧೂಳಿಗೆ ಹಳಿ ಒರೆಸೋ ಬಟ್ಟೆ, ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕೇಬೇಕು. ಡಿಸಿಯಲ್ಲಿ ಹಳಿ ಕೊಳೆಯಾದರೆ ಗಾಡಿ ಕುಂಟುತ್ತೆ. ಸದ್ದಿನ ಡಿಕೋಡರಾದರೆ ಸದ್ದು ನಿಂತು ಮೊದಲಿಂದ ಶುರುವಾಗುತ್ತೆ. ನೆಂಟರ ಮುಂದೆ ಅದಕ್ಕಿಂತ ದೊಡ್ಡ ಮಾನಭಂಗ ಇಲ್ಲ.

ಸದ್ದಿನ ಆಸೆ ತಪ್ಪು ಅಂತ ಹೇಳ್ತಿಲ್ಲ. ಯಾವ ಎಂಜಿನ್ನಿಗೆ ಯಾವ ಸದ್ದು ಅಂತ ಕೇಳ್ತಿದ್ದೀನಿ. 1960ರ ದಶಕದಿಂದ ವಾರಾಣಸಿಯಲ್ಲಿ ತಯಾರಾದ ಡಬ್ಲ್ಯುಡಿಎಂ-2ರ ಹೊಟ್ಟೆಯಲ್ಲಿರೋದು ಅಮೆರಿಕದ ಆಲ್ಕೊ 251. ಅಮೆರಿಕದ ಆಲ್ಕೊ ಸೌಂಡ್ ಡಿಕೋಡರ್ ಹಾಕಿದರೆ ಆ ಗುಡುಗುಡು ಹೆಚ್ಚುಕಡಿಮೆ ಸರಿಯಾಗಿಯೇ ಕೇಳುತ್ತೆ. ಕೃಷ್ಣರಾಜಪುರಂ ಶೆಡ್ಡಿನ ಡಬ್ಲ್ಯುಡಿಪಿ-4 ಬೇಕಾದರೆ ಅದಕ್ಕೆ ಇಎಂಡಿ 710. ತಪ್ಪೋದು ಹಾರನ್ನಲ್ಲಿ, ನಮ್ಮ ಹಾರನ್ ಕೇಳಿ ಬೆಳೆದ ಕಿವಿಗೆ ಅಮೆರಿಕದ ಹಾರನ್ ಹಿಡಿಸಲ್ಲ. ಇಎಸ್‌ಯು ಕಂಪನಿಯ ಲೋಕ್‌ಸೌಂಡ್ ಡಿಕೋಡರ್‌ಗೆ ನಾವೇ ರೆಕಾರ್ಡ್ ಮಾಡಿದ್ದನ್ನು ತುಂಬಬಹುದು, ಆದರೆ ಅದಕ್ಕೊಂದು ಪ್ರೋಗ್ರಾಮರ್ ಬೇಕು, ಅದಕ್ಕೆ ಬೇರೆ ದುಡ್ಡು. ಸೌಂಡ್‌ಟ್ರ್ಯಾಕ್ಸ್ ಕಂಪನಿಯ ಸುನಾಮಿ ಡಿಕೋಡರಿನಲ್ಲಿ ತುಂಬಿ ಬಂದ ಸದ್ದೇ ಗತಿ. ಕೊಳ್ಳೋ ಮುಂಚೆ ಈ ವ್ಯತ್ಯಾಸ ತಿಳಿದಿರಲಿ.

ನಿನ್ನ ಮನಸ್ಸಲ್ಲಿರೋ ಮಾದರಿ ನನಗೆ ಗೊತ್ತು, ನಂದಿ ಹಾಲ್ಟ್. 1915ರಲ್ಲಿ ಚಿಕ್ಕಬಳ್ಳಾಪುರದ ತನಕ ಬಂದ ಬೆಂಗಳೂರಿನ ನ್ಯಾರೋಗೇಜ್, ಕಲ್ಲಿನ ಆ ಪುಟ್ಟ ಸ್ಟೇಷನ್. ಹಾಗಿದ್ದರೆ ನಿನಗೆ ಅದೃಷ್ಟವೂ ಇದೆ. ಆ ಹಳಿಯ ಅಗಲ 762 ಮಿಲಿಮೀಟರ್, 1:87ರ ಸ್ಕೇಲಿಗೆ ಕುಗ್ಗಿಸಿದರೆ 8.76 ಆಗುತ್ತೆ. ಅಂದರೆ ಅಂಗಡಿಯಲ್ಲಿ ಸಿಗೋ 9 ಮಿಲಿಮೀಟರಿನ ಎನ್ ಸ್ಕೇಲ್ ಹಳಿಯೇ ಸರಿಹೋಗುತ್ತೆ. ಬ್ರಾಡ್‌ಗೇಜಿಗೆ ಆ ಭಾಗ್ಯ ಇಲ್ಲ: 1676 ಮಿಲಿಮೀಟರಿಗೆ 19.26 ಬೇಕು, ಮಾರೋದು 16.5. ಶಿಡ್ಲಘಟ್ಟ, ಚಿಂತಾಮಣಿ ಮೂಲಕ ಕೋಲಾರಕ್ಕೆ ಹೋಗೋ ಹಾದಿ 2013ರಲ್ಲಿ ಬ್ರಾಡ್‌ಗೇಜ್ ಆಗಿ ತೆರೆಯಿತು, ಅದನ್ನು ಮಾಡ್ತೀನಿ ಅಂದರೆ ಹಳಿಯಲ್ಲೇ ರಾಜಿ ಮಾಡಿಕೊಳ್ಳಬೇಕು.

ಆದರೆ ನ್ಯಾರೋಗೇಜಿನ ಆ ಸಣ್ಣ ಸ್ಟೀಮ್ ಎಂಜಿನ್ನಿನ ಒಳಗೆ ಸ್ಪೀಕರಿಗೆ ಜಾಗ ಎಲ್ಲಿದೆ? ಡಬ್ಬಿಯಿಲ್ಲದ ಸ್ಪೀಕರಿನ ಸದ್ದು ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ಅಲ್ಲಿ ಸದ್ದಿನ ಡಿಕೋಡರಿಗೆ ಅಷ್ಟು ದುಡ್ಡು ಸುರಿಯೋದು ದಂಡ. ಡಿಎಫ್‌ಪ್ಲೇಯರ್ ಅನ್ನೋ ಪುಟ್ಟ ಎಂಪಿ3 ಬೋರ್ಡ್ ನೂರಿನ್ನೂರು ರೂಪಾಯಿಗೆ ಸಿಗುತ್ತೆ. ಒಂದು ದೊಡ್ಡ ಸ್ಪೀಕರನ್ನು ಸ್ಟೇಷನ್ನಿನ ಕೆಳಗೆ ಹಲಗೆಗೆ ಬಿಗಿದು, ಗಾಡಿ ಬಂದಾಗ ಶಿಳ್ಳೆ, ಗಂಟೆ ಬರೋ ಹಾಗೆ ಮಾಡು. ಎಂಜಿನ್ನಿಗೆ ಸದ್ದಿಲ್ಲದ ಸಾದಾ ಡಿಕೋಡರ್ ಸಾಕು. ಪಂಡಿತರು ಮೂಗು ಮುರಿದರೆ ಮುರೀಲಿ.

ಪಟ್ಟಿಯನ್ನು ಹೀಗೆ ತಿದ್ದಿಕೋ: ಹಳಿ, ತಂತಿ, ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಆರ್ಡ್ವಿನೋ ಪೆಟ್ಟಿಗೆ, ಒಂದು ಎಂಜಿನ್, ಒಂದು ಸಾದಾ ಡಿಕೋಡರ್. ಅದು ಇಡೀ ಮಳೆಗಾಲ ತಪ್ಪದೆ ಓಡಿದರೆ ಮೊದಲ ಸದ್ದಿನ ಡಿಕೋಡರ್ ನನ್ನ ಖರ್ಚು. ಭಾನುವಾರ ಎಂಜಿನ್ ತಗೊಂಡು ಅಂಗಡಿಗೆ ಬಾ, ಎಷ್ಟು ಕರೆಂಟ್ ಎಳೆಯುತ್ತೆ ನೋಡೋಣ.